ನಮಗೆ ಮೂಗುದಾರ ಹಾಕಿ ಅಂತ ಕಂಪನಿಯೇ ಕೇಳಿದಾಗ



ಕೆಲವು ವಾರಗಳಿಂದ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕಳಿಸ್ತಾ ಇದ್ದೀರಿ. ಎಐ ಅಪಾಯಕಾರಿ, ಅದಕ್ಕೆ ಕಾನೂನು ಬೇಕು ಅಂತ ಎಐ ಮಾಡುವ ಕಂಪನಿಗಳೇ ಹೇಳ್ತಿವೆಯಲ್ಲ, ಇದನ್ನ ನಂಬಬಹುದಾ? ಇದು ನಿಜವಾದ ಕಾಳಜಿಯೋ, ಇಲ್ಲಾ ವ್ಯಾಪಾರದ ಲೆಕ್ಕಾಚಾರವೋ?

ನಾನು ಬಿಕಾಂ ಓದಿದವನು. ಈ ಮಾಡೆಲ್‌ಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ಎಂಜಿನಿಯರ್ ಹಾಗೆ ವಿವರಿಸೋಕೆ ನನ್ನಿಂದ ಆಗಲ್ಲ. ಆದರೆ ಒಂದು ನಿಯಮ ಬಂದರೆ ಖರ್ಚು ಯಾರ ಖಾತೆಗೆ ಹೋಗುತ್ತೆ, ಲಾಭ ಯಾರ ಖಾತೆಗೆ ಬರುತ್ತೆ ಅನ್ನೋದನ್ನ ಬರೆದು ನೋಡಬಹುದು. ಇವತ್ತು ಅಷ್ಟೇ ಮಾಡೋಣ.

2023ರ ಮೇ 16. ಅಮೆರಿಕದ ಸೆನೆಟ್‌ನ ಉಪಸಮಿತಿಯೊಂದರ ಮುಂದೆ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಕೂತಿದ್ದರು. ಚಾಟ್‌ಜಿಪಿಟಿ ಬಂದು ಆರು ತಿಂಗಳೂ ಆಗಿರಲಿಲ್ಲ. ಸಾಮಾನ್ಯವಾಗಿ ಇಂಥ ವಿಚಾರಣೆಗಳಲ್ಲಿ ಕಂಪನಿಯವರು ಏನು ಹೇಳ್ತಾರೆ? ನಮ್ಮನ್ನ ನಮ್ಮ ಪಾಡಿಗೆ ಬಿಡಿ, ಕಾನೂನು ಬಂದರೆ ಹೊಸ ಆವಿಷ್ಕಾರ ಸಾಯುತ್ತೆ, ಇತ್ಯಾದಿ. ಅವತ್ತು ನಡೆದದ್ದು ಉಲ್ಟಾ. ಒಂದು ಮಟ್ಟಕ್ಕಿಂತ ಹೆಚ್ಚು ಸಾಮರ್ಥ್ಯ ಇರುವ ಎಐ ಮಾಡೆಲ್‌ಗಳಿಗೆ ಲೈಸೆನ್ಸ್ ಕೊಡುವ, ತಪ್ಪಿದರೆ ಲೈಸೆನ್ಸ್ ಕಿತ್ತುಕೊಳ್ಳುವ ಸರ್ಕಾರಿ ಸಂಸ್ಥೆಯೊಂದು ಬೇಕು ಅಂದರು ಆಲ್ಟ್‌ಮನ್. ಸುರಕ್ಷತೆಗೆ ಮಾನದಂಡ ಇರಲಿ, ಹೊರಗಿನವರಿಂದ ಆಡಿಟ್ ಆಗಲಿ ಅಂತಲೂ ಸೇರಿಸಿದರು. ಒಬ್ಬ ಸೆನೆಟರ್ ಅಂತೂ, ಆ ಸಂಸ್ಥೆಯನ್ನ ನೀವೇ ನಡೆಸ್ತೀರಾ ಅನ್ನೋ ಅರ್ಥದಲ್ಲಿ ಕೇಳಿಬಿಟ್ಟರು. ನನಗೆ ಈಗಿರೋ ಕೆಲಸವೇ ಇಷ್ಟ ಅಂತ ಆಲ್ಟ್‌ಮನ್ ನಯವಾಗಿ ತಪ್ಪಿಸಿಕೊಂಡರು.

ಎತ್ತೇ ಬಂದು ನನಗೆ ಮೂಗುದಾರ ಹಾಕಿ ಅಂದ ಹಾಗೆ. ಇದನ್ನ ಕೇಳಿದ ತಕ್ಷಣ ಎರಡು ರೀತಿಯ ಪ್ರತಿಕ್ರಿಯೆ ಬಂತು. ಎಷ್ಟು ಜವಾಬ್ದಾರಿ ಇರೋ ಮನುಷ್ಯ ಅಂತ ಕೆಲವರು. ಮೊದಲು ಮಾರುಕಟ್ಟೆಗೆ ಬಂದವನು ಈಗ ಬಾಗಿಲು ಹಾಕ್ತಿದ್ದಾನೆ, ತಾನು ಹತ್ತಿದ ಏಣಿಯನ್ನ ಒದೀತಿದ್ದಾನೆ ಅಂತ ಇನ್ನು ಕೆಲವರು. ಆಲ್ಟ್‌ಮನ್ ಪರವಾಗಿ ಒಂದು ಮಾತು ಹೇಳಲೇಬೇಕು. ಸಣ್ಣ ಕಂಪನಿಗಳಿಗೆ, ಓಪನ್ ಮಾಡೆಲ್ ಮಾಡುವವರಿಗೆ ಇದರಿಂದ ತೊಂದರೆ ಆಗಬಾರದು, ಮಿತಿ ದಾಟಿದವರಿಗೆ ಮಾತ್ರ ಅನ್ವಯ ಆಗಲಿ ಅಂತ ಅವರು ಅದೇ ವಿಚಾರಣೆಯಲ್ಲಿ ಹೇಳಿದ್ದರು.

ಆದರೆ ಮುಂದಿನ ಕಥೆ ನೋಡಿ. ಸೆನೆಟ್‌ನಿಂದ ಎದ್ದು ಹೋಗಿ ಒಂದೇ ವಾರಕ್ಕೆ ಅವರು ಲಂಡನ್‌ನಲ್ಲಿದ್ದರು. ಆಗ ಯುರೋಪಿಯನ್ ಒಕ್ಕೂಟ ನಿಜವಾಗಿಯೂ ಎಐ ಕಾನೂನು ಬರೀತಾ ಇತ್ತು. ಅದನ್ನ ಪಾಲಿಸಲು ಪ್ರಯತ್ನಿಸ್ತೀವಿ, ಆಗದಿದ್ದರೆ ಯುರೋಪಿನಲ್ಲಿ ಕೆಲಸ ನಿಲ್ಲಿಸಬೇಕಾಗಬಹುದು ಅಂದರು. ದೊಡ್ಡ ಗಲಾಟೆ ಆಯ್ತು. ಒಂದೆರಡು ದಿನದಲ್ಲಿ, ಬಿಟ್ಟು ಹೋಗುವ ಯೋಚನೆ ಇಲ್ಲ ಅಂತ ತಿದ್ದಿಕೊಂಡರು. ಜೂನ್ ತಿಂಗಳಲ್ಲಿ ಟೈಮ್ ಪತ್ರಿಕೆ ಇನ್ನೊಂದು ವಿಷಯ ಹೊರಗೆ ತಂತು: 2022ರಲ್ಲೇ ಓಪನ್‌ಎಐ ಯುರೋಪಿನ ಅಧಿಕಾರಿಗಳಿಗೆ ಪತ್ರ ಬರೆದು, ತನ್ನಂಥ ಸಾಮಾನ್ಯ ಬಳಕೆಯ ಮಾಡೆಲ್‌ಗಳನ್ನ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಬೇಡಿ ಅಂತ ವಾದಿಸಿತ್ತು.

ಎರಡು ವರ್ಷ ಮುಂದೆ ಬನ್ನಿ. 2025ರ ಮೇ ತಿಂಗಳು, ಮತ್ತೆ ಸೆನೆಟ್, ಬೇರೆ ಸಮಿತಿ, ಅದೇ ಆಲ್ಟ್‌ಮನ್. ಅಷ್ಟೊತ್ತಿಗೆ ವಾಷಿಂಗ್ಟನ್‌ನಲ್ಲಿ ಗಾಳಿ ಬದಲಾಗಿತ್ತು. ಬೈಡನ್ ಕಾಲದ ಎಐ ಆದೇಶವನ್ನ ಟ್ರಂಪ್ ಅಧಿಕಾರಕ್ಕೆ ಬಂದ ಮೊದಲ ದಿನವೇ ರದ್ದು ಮಾಡಿದ್ದರು. ಈ ಸಲ ಆಲ್ಟ್‌ಮನ್ ಹೇಳಿದ್ದು, ಎಐ ಬಿಡುಗಡೆಗೆ ಮೊದಲು ಸರ್ಕಾರದ ಒಪ್ಪಿಗೆ ಬೇಕು ಅನ್ನೋ ಪದ್ಧತಿ ಬಂದರೆ ಅನಾಹುತ ಆಗುತ್ತೆ ಅಂತ. 2023ರಲ್ಲಿ ಲೈಸೆನ್ಸ್ ಬೇಕು, 2025ರಲ್ಲಿ ಒಪ್ಪಿಗೆ ಪಡೆಯೋದೇ ಅನಾಹುತ. ಮನುಷ್ಯ ಅಭಿಪ್ರಾಯ ಬದಲಿಸಬಾರದು ಅಂತೇನಿಲ್ಲ. ಆದರೆ ಬದಲಾದ ಅಭಿಪ್ರಾಯ ಪ್ರತಿ ಸಲವೂ ಅಧಿಕಾರದಲ್ಲಿರೋರ ಅಭಿಪ್ರಾಯದ ಪಕ್ಕದಲ್ಲೇ ಬಂದು ನಿಂತರೆ ಅನುಮಾನ ಬರೋದು ಸಹಜ, ಅಲ್ವಾ?

ಇನ್ನೊಂದು ಉದಾಹರಣೆ. 2023ರ ಮಾರ್ಚ್‌ನಲ್ಲಿ, ದೊಡ್ಡ ಮಾಡೆಲ್‌ಗಳ ತರಬೇತಿಯನ್ನ ಆರು ತಿಂಗಳು ನಿಲ್ಲಿಸಿ ಅಂತ ಒಂದು ಬಹಿರಂಗ ಪತ್ರ ಬಂತು. ಸಹಿ ಹಾಕಿದವರಲ್ಲಿ ಇಲಾನ್ ಮಸ್ಕ್ ಒಬ್ಬರು. ಅದೇ ಮಾರ್ಚ್‌ನಲ್ಲಿ ಅವರ ಹೊಸ ಎಐ ಕಂಪನಿ ನೆವಾಡಾ ರಾಜ್ಯದಲ್ಲಿ ನೋಂದಣಿ ಆಯ್ತು. ಜುಲೈನಲ್ಲಿ ಎಕ್ಸ್‌ಎಐ ಅಂತ ಘೋಷಣೆಯೂ ಆಯ್ತು.

ಸರಿ, ಈಗ ಲೆಕ್ಕಕ್ಕೆ ಬರೋಣ. ಒಂದು ಕಂಪನಿ ತನಗೇ ಕಟ್ಟುಪಾಡು ಬೇಕು ಅಂತ ಯಾಕೆ ಕೇಳುತ್ತೆ?

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಹೊಸ ಕಾನೂನು ಪಾಲಿಸೋಕೆ ವಕೀಲರು, ಆಡಿಟರ್‌ಗಳು, ಪರೀಕ್ಷೆ, ಕಾಗದಪತ್ರ ಎಲ್ಲ ಸೇರಿ ವರ್ಷಕ್ಕೆ 5 ಕೋಟಿ ರೂಪಾಯಿ ಬೇಕು ಅಂದುಕೊಳ್ಳಿ. 5,000 ಕೋಟಿ ವಹಿವಾಟು ಇರೋ ಕಂಪನಿಗೆ ಅದು ನೂರು ರೂಪಾಯಿಗೆ ಹತ್ತು ಪೈಸೆ. 10 ಕೋಟಿ ವಹಿವಾಟಿನ ಕಂಪನಿಗೆ ಅದು ನೂರಕ್ಕೆ ಐವತ್ತು ರೂಪಾಯಿ. ಖರ್ಚು ಇಬ್ಬರಿಗೂ ಒಂದೇ, ಹೊರೆ ಒಂದೇ ಅಲ್ಲ. ಮೊದಲನೆಯವನಿಗೆ ಅದು ಚಿಲ್ಲರೆ. ಎರಡನೆಯವನು ಅಂಗಡಿ ಮುಚ್ಚಬೇಕು. ಹಾಗಾಗಿ ದೊಡ್ಡವನಿಗೆ ಆ 5 ಕೋಟಿ ಖರ್ಚೇ ಅಲ್ಲ, ಅದು ಕೋಟೆ ಸುತ್ತ ತೋಡಿಸಿದ ಕಂದಕ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರಲ್ಲೇ ಇದನ್ನ ಬರೆದಿದ್ದರು: ನಿಯಂತ್ರಣ ಅನ್ನೋದು ಎಷ್ಟೋ ಸಲ ಉದ್ಯಮದ ಮೇಲೆ ಬಂದು ಬೀಳೋದಲ್ಲ, ಉದ್ಯಮವೇ ಕೇಳಿ ಪಡೆದು ತನ್ನ ಅನುಕೂಲಕ್ಕೆ ನಡೆಸಿಕೊಳ್ಳೋದು ಅಂತ. 1982ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಎಐ ವಿಷಯದಲ್ಲಿ ಈ ಕಂದಕದ ಅಗತ್ಯ ಎಷ್ಟಿತ್ತು ಅನ್ನೋದಕ್ಕೂ ಒಂದು ಸಾಕ್ಷಿ ಇದೆ. ಆ ಸೆನೆಟ್ ವಿಚಾರಣೆಗೆ ಎರಡು ವಾರ ಮೊದಲು ಗೂಗಲ್ ಒಳಗಿನ ಒಂದು ಟಿಪ್ಪಣಿ ಸೋರಿಕೆ ಆಗಿತ್ತು. ಅದನ್ನ ಬರೆದ ಉದ್ಯೋಗಿಯ ವಾದ ಇಷ್ಟು: ನಮಗೂ ಕಂದಕ ಇಲ್ಲ, ಓಪನ್‌ಎಐಗೂ ಇಲ್ಲ. ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದಾದ ಓಪನ್ ಮಾಡೆಲ್‌ಗಳು ನಮ್ಮಿಬ್ಬರನ್ನೂ ಹಿಂದೆ ಹಾಕ್ತಿವೆ. ತಂತ್ರಜ್ಞಾನದಲ್ಲಿ ಸಿಗದ ರಕ್ಷಣೆ ಕಾನೂನಿನಲ್ಲಿ ಸಿಕ್ಕರೆ ಬೇಡ ಅನ್ನೋರು ಯಾರು?

ನಮ್ಮ ದೇಶಕ್ಕೆ ಇದು ಹೊಸ ಪಾಠವಲ್ಲ. ವಾಣಿಜ್ಯ ಓದಿದವರೆಲ್ಲ ಲೈಸೆನ್ಸ್ ರಾಜ್ ಅನ್ನೋ ಅಧ್ಯಾಯ ಓದಿರ್ತೀರಿ. 1951ರ ಕೈಗಾರಿಕಾ ಕಾಯ್ದೆ ಬಂದ ಮೇಲೆ ಕಾರ್ಖಾನೆ ಹಾಕೋಕೆ, ಉತ್ಪಾದನೆ ಹೆಚ್ಚಿಸೋಕೆ ದೆಹಲಿಯ ಅನುಮತಿ ಬೇಕಿತ್ತು. ಸಂಪತ್ತು ಕೆಲವೇ ಮನೆತನಗಳ ಕೈಗೆ ಸೇರಬಾರದು ಅನ್ನೋದೂ ಅದರ ಉದ್ದೇಶಗಳಲ್ಲೊಂದು. ಆದದ್ದೇನು? ಯೋಜನಾ ಆಯೋಗಕ್ಕಾಗಿ ಆರ್.ಕೆ. ಹಜಾರಿ ಕೊಟ್ಟ 1967ರ ವರದಿ ತೋರಿಸಿದ್ದು, ದೊಡ್ಡ ಉದ್ಯಮ ಸಮೂಹಗಳೇ ರಾಶಿ ರಾಶಿ ಅರ್ಜಿ ಹಾಕಿ ಲೈಸೆನ್ಸ್ ಪಡೆದು, ಬೇರೆಯವರಿಗೆ ಜಾಗ ಇಲ್ಲದ ಹಾಗೆ ಮಾಡಿಕೊಳ್ಳುತ್ತಿದ್ದವು ಅಂತ. ದೆಹಲಿಯಲ್ಲಿ ಕಚೇರಿ ಇಟ್ಟು ಫೈಲ್ ಹಿಂದೆ ಓಡಾಡೋಕೆ ಆಳು ಇಟ್ಟುಕೊಳ್ಳೋ ಶಕ್ತಿ ಯಾರಿಗಿತ್ತೋ ಅವರಿಗೆ ಲೈಸೆನ್ಸ್. ದೊಡ್ಡವರನ್ನ ಕಟ್ಟಿಹಾಕೋಕೆ ತಂದ ಹಗ್ಗ ಸಣ್ಣವರ ಕಾಲಿಗೆ ಸುತ್ತಿಕೊಂಡಿತು. 1991ರವರೆಗೆ ಅದು ನಡೀತು.

ಇಷ್ಟು ಕೇಳಿದ ಮೇಲೆ ನಿಮಗೆ ಅನ್ನಿಸಬಹುದು: ಹಾಗಾದರೆ ಎಲ್ಲ ನಿಯಂತ್ರಣವೂ ಮೋಸ, ಬೇಡವೇ ಬೇಡ. ಇಲ್ಲೇ ಸ್ವಲ್ಪ ನಿಧಾನಿಸಬೇಕು. ಯಾಕೆ ಅಂದ್ರೆ ಈ ಅನುಮಾನವನ್ನೂ ಮಾರುಕಟ್ಟೆಯಲ್ಲಿ ಮಾರುವವರಿದ್ದಾರೆ.

ನಿಯಂತ್ರಣದ ಮಾತು ದೊಡ್ಡ ಕಂಪನಿಗಳ ಹುನ್ನಾರ ಅಂತ ಜೋರಾಗಿ ಹೇಳುವವರು ಯಾರು ನೋಡಿ. ಮೆಟಾ ಕಂಪನಿಯ ಎಐ ವಿಜ್ಞಾನಿಯಾಗಿದ್ದಾಗ ಯಾನ್ ಲೆಕುನ್ 2023ರಲ್ಲಿ ಇದನ್ನ ಹೇಳಿದರು. ಮೆಟಾದ ಆಗಿನ ಎಐ ತಂತ್ರವೇ ಓಪನ್ ಮಾಡೆಲ್‌ಗಳ ಮೇಲೆ ನಿಂತಿತ್ತು. 2025ರ ಅಕ್ಟೋಬರ್‌ನಲ್ಲಿ ಶ್ವೇತಭವನದ ಎಐ ಸಲಹೆಗಾರ ಡೇವಿಡ್ ಸ್ಯಾಕ್ಸ್, ಆಂಥ್ರೊಪಿಕ್ ಕಂಪನಿ ಭಯ ಹುಟ್ಟಿಸಿ ನಿಯಂತ್ರಣವನ್ನೇ ಕೈವಶ ಮಾಡಿಕೊಳ್ಳುವ ತಂತ್ರ ಹೂಡಿದೆ ಅಂತ ಆರೋಪ ಮಾಡಿದರು. ಆಂಥ್ರೊಪಿಕ್ ಅದನ್ನ ಅಲ್ಲಗಳೆಯಿತು. ಆಂಥ್ರೊಪಿಕ್‌ಗೆ ಸ್ವಹಿತ ಇಲ್ಲ ಅಂತ ನಾನು ಹೇಳಲ್ಲ, ಅದೂ ಮಾಡೆಲ್ ಮಾರುವ ಕಂಪನಿಯೇ. ಆದರೆ ಸ್ಯಾಕ್ಸ್ ಕೂಡ ತಂತ್ರಜ್ಞಾನ ಕಂಪನಿಗಳಲ್ಲಿ ದುಡ್ಡು ಹೂಡುತ್ತಾ ಬಂದವರೇ. ಅದೇ ವರ್ಷ ಆಗಸ್ಟ್‌ನಲ್ಲಿ, ಕಟ್ಟುನಿಟ್ಟಿನ ಎಐ ಕಾನೂನುಗಳನ್ನ ವಿರೋಧಿಸೋಕೆ ಅಂತ 10 ಕೋಟಿ ಡಾಲರ್‌ಗೂ ಹೆಚ್ಚು ಹಣದೊಂದಿಗೆ ಒಂದು ಚುನಾವಣಾ ನಿಧಿ ಶುರುವಾಯ್ತು. ಹಿಂದೆ ಇದ್ದವರು ದೊಡ್ಡ ಹೂಡಿಕೆ ಸಂಸ್ಥೆ ಆಂಡ್ರೀಸೆನ್ ಹೊರೊವಿಟ್ಜ್ ಮತ್ತು ಓಪನ್‌ಎಐ ಅಧ್ಯಕ್ಷ ಗ್ರೆಗ್ ಬ್ರಾಕ್‌ಮನ್. ಅಂದ್ರೆ ಕಾನೂನು ಬೇಕು ಅನ್ನೋದರಲ್ಲಿ ಎಷ್ಟು ಸ್ವಹಿತ ಇದೆಯೋ, ಬೇಡ ಅನ್ನೋದರಲ್ಲೂ ಅಷ್ಟೇ ಇದೆ. ಕೆಲವು ಸಲ ಎರಡೂ ಒಂದೇ ಮನೆಯಲ್ಲಿ.

ಕ್ಯಾಲಿಫೋರ್ನಿಯಾದ ಎಸ್‌ಬಿ 1047 ಮಸೂದೆ ಇದಕ್ಕೆ ಒಳ್ಳೆ ಪರೀಕ್ಷೆ. ತರಬೇತಿಗೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಗುವ ಮಾಡೆಲ್‌ಗಳಿಗೆ ಸುರಕ್ಷತಾ ಯೋಜನೆ ಇರಬೇಕು, ಬೇಕಾದಾಗ ನಿಲ್ಲಿಸೋ ವ್ಯವಸ್ಥೆ ಇರಬೇಕು ಅಂತ ಅದು ಹೇಳಿತ್ತು. ನಿಯಂತ್ರಣ ಅನ್ನೋದು ದೊಡ್ಡವರದೇ ಆಟ ಆಗಿದ್ದರೆ ಅವರೆಲ್ಲ ಇದನ್ನ ಬೆಂಬಲಿಸಬೇಕಿತ್ತು. ಓಪನ್‌ಎಐ, ಗೂಗಲ್, ಮೆಟಾ ಮೂರೂ ವಿರೋಧಿಸಿದವು. ಬೆಂಬಲಿಸಿದವರಲ್ಲಿ ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ ಇದ್ದರು, ಇಬ್ಬರೂ ಈ ಕ್ಷೇತ್ರ ಕಟ್ಟಿದ ಹಿರಿಯ ವಿಜ್ಞಾನಿಗಳು. ಹಿಂಟನ್ 2023ರಲ್ಲಿ ಗೂಗಲ್ ಬಿಟ್ಟಿದ್ದೇ ಈ ಅಪಾಯಗಳ ಬಗ್ಗೆ ಮುಕ್ತವಾಗಿ ಮಾತಾಡೋಕೆ. ಕೊನೆಗೆ 2024ರ ಸೆಪ್ಟೆಂಬರ್ 29ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಮಸೂದೆಗೆ ಸಹಿ ಹಾಕದೆ ವಾಪಸ್ ಕಳಿಸಿದರು. ನಮ್ಮನ್ನ ನಿಯಂತ್ರಿಸಿ ಅಂತ ಸಭೆಯಲ್ಲಿ ಹೇಳೋದು ಬೇರೆ, ನಿಯಂತ್ರಣ ನಿಜವಾಗಿ ಬಾಗಿಲು ತಟ್ಟಿದಾಗ ಒಳಗೆ ಬಿಡೋದು ಬೇರೆ.

ಬ್ರೂಸ್ ಯಾಂಡಲ್ ಅನ್ನೋ ಅರ್ಥಶಾಸ್ತ್ರಜ್ಞ 1983ರಲ್ಲಿ ಇದಕ್ಕೆ ಒಂದು ಹೋಲಿಕೆ ಕೊಟ್ಟಿದ್ದರು. ಅಮೆರಿಕದ ದಕ್ಷಿಣ ಭಾಗದಲ್ಲಿ ಭಾನುವಾರ ಮದ್ಯ ಮಾರಬಾರದು ಅನ್ನೋ ಕಾನೂನಿಗೆ ಇಬ್ಬರ ಬೆಂಬಲ. ಒಬ್ಬರು ಬ್ಯಾಪ್ಟಿಸ್ಟ್ ಚರ್ಚಿನವರು, ಕುಡಿತ ಪಾಪ ಅಂತ. ಇನ್ನೊಬ್ಬರು ಕಳ್ಳಭಟ್ಟಿಯವರು, ಅವತ್ತು ಅಧಿಕೃತ ಅಂಗಡಿ ಮುಚ್ಚಿದರೆ ನಮಗೆ ವ್ಯಾಪಾರ ಅಂತ. ಕಾನೂನು ಒಂದೇ, ಉದ್ದೇಶ ಎರಡು. ಕಳ್ಳಭಟ್ಟಿಯವನು ಬೆಂಬಲಿಸಿದ ಅನ್ನೋ ಕಾರಣಕ್ಕೆ ಚರ್ಚಿನವರ ಕಾಳಜಿ ಸುಳ್ಳಾಗಲ್ಲ. ಚರ್ಚಿನವರು ಬೆಂಬಲಿಸಿದರು ಅಂತ ಆ ಕಾನೂನು ಒಳ್ಳೇದೂ ಆಗಲ್ಲ.

ಹಾಗಾದರೆ ಏನು ನೋಡಬೇಕು? ನನ್ನ ಪ್ರಕಾರ ಕೇಳೋರ ಮುಖ ಬಿಟ್ಟು, ನಿಯಮದ ಸಣ್ಣ ಅಕ್ಷರ ನೋಡಬೇಕು. ಅದಕ್ಕೆ ಎಐ ಬಿಟ್ಟು ಸ್ವಲ್ಪ ಹೊತ್ತು ಮಕ್ಕಳ ಆಟಿಕೆ ಕಡೆ ಹೋಗೋಣ.

2007ರಲ್ಲಿ ಬಾರ್ಬಿ ಗೊಂಬೆ ಮಾಡುವ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ ಲಕ್ಷಾಂತರ ಆಟಿಕೆಗಳನ್ನ ವಾಪಸ್ ತರಿಸಿಕೊಳ್ಳಬೇಕಾಯ್ತು, ಬಣ್ಣದಲ್ಲಿ ಸೀಸ ಇತ್ತು ಅಂತ. ಅಪಾಯ ನಿಜ, ಮಕ್ಕಳು ಆಟಿಕೆ ಬಾಯಿಗೆ ಹಾಕ್ತಾರೆ. 2008ರಲ್ಲಿ ಅಮೆರಿಕ ಕಠಿಣ ಕಾನೂನು ತಂತು, ಪ್ರತಿ ಆಟಿಕೆಯನ್ನೂ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಅಂತ. ಮನೆಯಲ್ಲಿ ಕೂತು ಮರದ ಗೊಂಬೆ ಕೆತ್ತುವವರಿಗೆ ಆ ಪರೀಕ್ಷೆಯ ಖರ್ಚು ಗೊಂಬೆ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಯ್ತು. ಮ್ಯಾಟೆಲ್‌ಗೆ ಏನಾಯ್ತು ಗೊತ್ತಾ? ಕೆಲವು ಷರತ್ತುಗಳ ಮೇಲೆ ತನ್ನದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳೋಕೆ 2009ರಲ್ಲಿ ಅನುಮತಿ ಸಿಕ್ತು! ಸಣ್ಣವರಿಗೆ ರಿಯಾಯಿತಿ ಬಂದದ್ದು 2011ರ ತಿದ್ದುಪಡಿಯಲ್ಲಿ.

ಈಗ ನಮ್ಮ ಚನ್ನಪಟ್ಟಣ. ಭಾರತವೂ 2020ರಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ ಆದೇಶ ತಂತು, 2021ರ ಜನವರಿ 1ರಿಂದ ಜಾರಿ. ಅದು ಹಾಗೇ ಬಂದಿದ್ದರೆ ಅರಗಿನ ಬಣ್ಣದ ಗೊಂಬೆ ಮಾಡುವ ಕುಶಲಕರ್ಮಿ ಏನು ಮಾಡಬೇಕಿತ್ತು? ಆದರೆ ಜಾರಿಗೆ ಮೊದಲೇ ತಿದ್ದುಪಡಿ ಬಂತು. ಕರಕುಶಲ ಇಲಾಖೆಯಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಸೂಚಕ ಮಾನ್ಯತೆ ಇರುವ ಆಟಿಕೆಗಳ ಅಧಿಕೃತ ತಯಾರಕರಿಗೆ ವಿನಾಯಿತಿ. ಚನ್ನಪಟ್ಟಣದ ಗೊಂಬೆಗೆ ಆ ಮಾನ್ಯತೆ ಇದೆ. ನೋಡಿ, ಉದ್ದೇಶ ಎರಡೂ ಕಡೆ ಮಕ್ಕಳ ಸುರಕ್ಷತೆಯೇ. ಒಂದು ಕಡೆ ಸಣ್ಣವನು ಮೂರು ವರ್ಷ ಒದ್ದಾಡಿದ, ಇನ್ನೊಂದು ಕಡೆ ಒಂದು ಸಾಲಿನ ವಿನಾಯಿತಿ ಅವನನ್ನ ಉಳಿಸಿತು.

ಎಐ ವಿಷಯದಲ್ಲಿ ಆ ಒಂದು ಸಾಲು ನಮಗೆ ಯಾಕೆ ಮುಖ್ಯ? 2024ರ ಮಾರ್ಚ್ 1ರಂದು ಕೇಂದ್ರದ ಐಟಿ ಸಚಿವಾಲಯ ಒಂದು ಸಲಹಾ ಸೂಚನೆ ಹೊರಡಿಸಿತ್ತು. ಪೂರ್ತಿ ಪರೀಕ್ಷೆ ಆಗದ, ಪೂರ್ತಿ ನಂಬಲಾಗದ ಎಐ ಮಾಡೆಲ್‌ಗಳನ್ನ ಜನರಿಗೆ ಕೊಡೋ ಮುಂಚೆ ಸರ್ಕಾರದ ಅನುಮತಿ ಪಡೀಬೇಕು ಅಂತ. ಸ್ಟಾರ್ಟಪ್‌ಗಳು ಗಾಬರಿಯಾದವು. ಇದು ದೊಡ್ಡ ವೇದಿಕೆಗಳಿಗೆ ಮಾತ್ರ, ಸ್ಟಾರ್ಟಪ್‌ಗಳಿಗಲ್ಲ ಅಂತ ಆಗಿನ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಸಾಮಾಜಿಕ ಜಾಲತಾಣದಲ್ಲಿ ಸ್ಪಷ್ಟನೆ ಕೊಟ್ಟರು. ಮಾರ್ಚ್ 15ಕ್ಕೆ ಹೊಸ ಸೂಚನೆ ಬಂತು, ಅನುಮತಿಯ ಮಾತು ಹೋಯ್ತು. ಎರಡು ವಾರದಲ್ಲಿ ಮುಗಿದ ಕಥೆ. ಆದರೆ ಉಳಿದಿದ್ದರೆ?

ಆ ಹೊತ್ತಿಗೆ ಬೆಂಗಳೂರಿನ ಸರ್ವಂ ಎಐ, ಮೆಟಾದ ಲಾಮಾ 2 ಮಾಡೆಲ್ ಇಳಿಸಿಕೊಂಡು ಅದಕ್ಕೆ ಹಿಂದಿ ಕಲಿಸಿ ಓಪನ್‌ಹಾಥಿ ಅಂತ ಬಿಡುಗಡೆ ಮಾಡಿತ್ತು. ಅದೇ ಲಾಮಾ 2ಕ್ಕೆ ಕನ್ನಡ ಕಲಿಸಿ ಕನ್ನಡ ಲಾಮಾ ಅಂತ ಹೊರತಂದ ಪುಟ್ಟ ತಂಡವೂ ಇತ್ತು. ಇವೇನು ಪರಿಪೂರ್ಣ ಮಾಡೆಲ್‌ಗಳಲ್ಲ. ಆದರೆ ಆಗ ಕನ್ನಡಕ್ಕೆ ಇಂಥ ದಾರಿಗಳು ಮುಖ್ಯವಾಗಿದ್ದವು. ದೊಡ್ಡ ಕಂಪನಿಗೆ ಇಂಗ್ಲಿಷ್ ಮೊದಲು, ಕನ್ನಡ ಪಟ್ಟಿಯ ಕೆಳಗೆಲ್ಲೋ. ಓಪನ್ ಮಾಡೆಲ್ ಬಿಡುಗಡೆಗೆ ಲೈಸೆನ್ಸ್, ಅದನ್ನ ತಿದ್ದೋಕೆ ಅನುಮತಿ ಅಂತಾದರೆ ಮೊದಲು ನಿಲ್ಲೋದು ಸಿಲಿಕಾನ್ ವ್ಯಾಲಿಯ ಕೆಲಸವಲ್ಲ, ನಾಲ್ಕು ಜನ ಸೇರಿ ರಾತ್ರಿ ಕೂತು ಮಾಡುವ ಕನ್ನಡದ ಕೆಲಸ. ಇನ್ನೊಂದು ಕಡೆ, ಯಾವ ನಿಯಮವೂ ಇಲ್ಲದಿದ್ದರೆ ನಕಲಿ ಧ್ವನಿಯಲ್ಲಿ ಕರೆ ಬಂದು ದುಡ್ಡು ಕಳಕೊಳ್ಳೋದೂ ನಮ್ಮ ಜನವೇ. ಎರಡೂ ಕಡೆ ಪಣಕ್ಕೆ ಇಟ್ಟಿರೋದು ನಮ್ಮದನ್ನೇ.

ಹಾಗಾಗಿ ಮುಂದಿನ ಸಲ ಯಾವುದೇ ಎಐ ಕಾನೂನಿನ ಸುದ್ದಿ ಓದಿದಾಗ ನಾನು ಕೇಳಿಕೊಳ್ಳುವ ನಾಲ್ಕು ಪ್ರಶ್ನೆ ನಿಮಗೂ ಕೊಡ್ತೀನಿ.

ಮೊದಲನೆಯದು, ಮಿತಿ ಎಲ್ಲಿದೆ? ಬೈಡನ್ ಆದೇಶದಲ್ಲಿ 1ರ ಮುಂದೆ 26 ಸೊನ್ನೆ ಹಾಕಿದಷ್ಟು ಲೆಕ್ಕಾಚಾರ ಬಳಸಿದ ಮಾಡೆಲ್‌ಗಳ ಬಗ್ಗೆ ಸರ್ಕಾರಕ್ಕೆ ವರದಿ ಕೊಡಬೇಕಿತ್ತು. ಅದು ದೈತ್ಯರ ಮಿತಿ, ಸಣ್ಣ ತಂಡ ಅದರ ಹತ್ತಿರವೂ ಹೋಗಲ್ಲ. ಮಿತಿ ಕೆಳಗಿಳಿದಷ್ಟೂ ಎಚ್ಚರ ಇರಲಿ.

ಎರಡನೆಯದು, ಮೊದಲೇ ಅನುಮತಿಯೋ, ಮಾಡಿದ ಮೇಲೆ ಹೊಣೆಯೋ? ಅನುಮತಿ ಅಂದ್ರೆ ಸರತಿ ಸಾಲು. ಸರತಿಯಲ್ಲಿ ಕಾಯೋಕೆ ದೊಡ್ಡವನಿಗೆ ದುಡ್ಡಿದೆ. ಹೊಣೆ ಅಂದ್ರೆ, ಹಾನಿ ಮಾಡಿದವನು ಕಟ್ಟಬೇಕು. ದೊಡ್ಡವನಿಗೆ ಹೆಚ್ಚು ಹೆದರಿಕೆ ಇರೋದು ಇದರದ್ದೇ.

ಮೂರನೆಯದು, ಅಳೆಯೋರು ಯಾರು? ಪರೀಕ್ಷೆಯ ಮಾನದಂಡ ಬರೆಯೋ ಸಮಿತಿಯಲ್ಲಿ ಕಂಪನಿಯ ಜನರೇ ತುಂಬಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ನಾಲ್ಕನೆಯದು, ಕೇಳಿದವರಿಗೇ ಇದು ಎಷ್ಟು ನೋಯುತ್ತೆ? 2025ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ತಂದ ಎಸ್‌ಬಿ 53 ಕಾನೂನಿನ ಮುಖ್ಯ ಕಟ್ಟುಪಾಡುಗಳು ವರ್ಷಕ್ಕೆ 50 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಇರುವ, ಅತಿ ದೊಡ್ಡ ಮಾಡೆಲ್ ಮಾಡುವವರಿಗೆ. ಅದನ್ನ ಬೆಂಬಲಿಸಿದ ಆಂಥ್ರೊಪಿಕ್ ಕೂಡ ಅದರೊಳಗೇ ಬರುತ್ತೆ. ಇಂಥಲ್ಲಿ ಅನುಮಾನ ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ಬಿಡಬೇಕಿಲ್ಲ. ಕೇಳಿದವನು ಈಗಾಗಲೇ ಮಾಡ್ತಿರೋದನ್ನೇ ಎಲ್ಲರಿಗೂ ಕಡ್ಡಾಯ ಮಾಡಿ ಅನ್ನುತ್ತಿದ್ದಾನಾ, ಅವನೂ ಹೊಸದಾಗಿ ಏನಾದರೂ ಕಳಕೊಳ್ತಾನಾ ಅಂತ ನೋಡಿ.

ಸ್ವಹಿತ ಇಲ್ಲದ ಮನುಷ್ಯ ಮಾತ್ರ ಸತ್ಯ ಹೇಳಬೇಕು ಅಂದ್ರೆ ಮಾತಾಡೋಕೆ ಯಾರೂ ಉಳಿಯಲ್ಲ. ಅಂಗಡಿಯವನು ತಕ್ಕಡಿ ಸರಿ ಇದೆ ಅಂದಾಗ ನಾವು ಅವನ ಮನಸ್ಸು ಬಗೆದು ನೋಡಲ್ಲ, ತೂಕದ ಕಲ್ಲಿನ ಮೇಲಿರೋ ಮುದ್ರೆ ನೋಡ್ತೀವಿ. ಎಐ ಕಾನೂನಿಗೂ ಅಷ್ಟೇ.

ಈ ಸಂಚಿಕೆ ಬಗ್ಗೆ ನಿಮ್ಮ ಅಭಿಪ್ರಾಯ, ತಕರಾರು ಏನಿದ್ದರೂ ಕಳಿಸಿ. ಸಣ್ಣ ಉದ್ಯಮ ನಡೆಸೋರು ಕೇಳ್ತಾ ಇದ್ದರೆ, ಯಾವ ನಿಯಮ ನಿಮ್ಮನ್ನ ಕಾಪಾಡಿತು, ಯಾವುದು ಬರೀ ಓಡಾಡಿಸಿತು ಅಂತ ಬರೆಯಿರಿ. ಅದರ ಮೇಲೇ ಒಂದು ಸಂಚಿಕೆ ಮಾಡೋಣ.